ಅಂಚಿನ ಹರೆಯ, ಪ್ರತಿಷ್ಠಾಪನೆಯ ಕಲೆ

ಚೌಕಟ್ಟಿನೊಳಗೆ ಕೂರದೆ, ಪೀಠದ ಮೇಲೆ ನಿಲ್ಲದೆ, ನೋಡಲು ಬಂದವರನ್ನೇ ತನ್ನೊಳಗೆ ಕರೆದುಕೊಳ್ಳುವ ಕಲೆಗೆ ಕನ್ನಡದಲ್ಲಿ ಪ್ರತಿಷ್ಠಾಪನಾ ಕಲೆ ಎಂಬ ಹೆಸರು ಬಳಕೆಗೆ ಬಂದಿದೆ. ಕಲಾವಿದರ ನಡುವೆ ಮಾತ್ರ ಇನ್‌ಸ್ಟಲೇಶನ್ ಎಂದೇ ಮಾತು. ಒಂದು ಕೋಣೆಯನ್ನೋ ಅಂಗಳವನ್ನೋ ಪಾಳುಬಿದ್ದ ಗೋದಾಮನ್ನೋ ತೆಗೆದುಕೊಂಡು, ಅಲ್ಲಿ ವಸ್ತುಗಳನ್ನು, ಬೆಳಕನ್ನು, ಸದ್ದನ್ನು, ಕೆಲವೊಮ್ಮೆ ವಾಸನೆಯನ್ನೂ ಹೊಂದಿಸಿಟ್ಟರೆ ಆ ಇಡೀ ಜಾಗವೇ ಕೃತಿಯಾಗುತ್ತದೆ. ಬೇಲೂರಿನ ಸೀಮೆಯಲ್ಲಿ ಪ್ರತಿಷ್ಠಾಪನೆ ಎಂದೊಡನೆ ನೆನಪಾಗುವುದು 1117ರಲ್ಲಿ ವಿಷ್ಣುವರ್ಧನ ಮಾಡಿಸಿದ ಚೆನ್ನಕೇಶವನ ಪ್ರತಿಷ್ಠೆ. ಅದು ಎಂದೂ ಕದಲಬಾರದೆಂದು ಇಟ್ಟದ್ದು. ಈ ಕಲೆಯಾದರೋ ಬಿಚ್ಚಿ ತೆಗೆಯುವುದಕ್ಕೆಂದೇ ಕಟ್ಟಿದ್ದು. ಆ ಮಟ್ಟಿಗೆ ಇದರ ನೆಂಟಸ್ತನ ಗರ್ಭಗುಡಿಗಿಂತ ಗಣಪತಿ ಪೆಂಡಾಲಿನ ಜೊತೆಗೇ ಹೆಚ್ಚು.

ಹಾಗೆ ನೋಡಿದರೆ ಊರ ಹುಡುಗರಿಗೆ ಇದು ಹೊಸ ವಿದ್ಯೆಯಲ್ಲ. ಚಂದಾ ಎತ್ತಿ, ಬೊಂಬು ನೆಟ್ಟು, ಥರ್ಮಾಕೋಲಿನಲ್ಲಿ ಕೈಲಾಸ ಕೊರೆದು, ಸೀರಿಯಲ್ ಸೆಟ್ಟು ಎಳೆದು, ಹನ್ನೊಂದನೆಯ ದಿನ ಎಲ್ಲವನ್ನೂ ಕಳಚುವ ಯುವಕ ಸಂಘದವರು ಮಾಡುವುದು ಈ ಕೆಲಸವನ್ನೇ. ಸಿನಿಮಾ ಬಿಡುಗಡೆಯ ದಿನ ಟಾಕೀಸಿನ ಮುಂದೆ ಏಳುವ ಕಟೌಟು, ಅದರ ಕೊರಳಿಗೆ ಆಳುದ್ದದ ಹಾರ, ಮೇಲಿನಿಂದ ಹಾಲಿನ ಅಭಿಷೇಕ, ಕೆಳಗೆ ತಮಟೆ: ಇಷ್ಟೂ ಸೇರಿ ಒಂದು ಕೃತಿಯೇ. ಅದನ್ನು ಕಲೆಯೆಂದು ಕರೆಯುವವರಿಲ್ಲ. ಕರೆಯದಿರುವುದಕ್ಕೆ ಒಂದು ಕಾರಣ ಅದನ್ನು ಮಾಡುವವರು ಯಾರು ಎಂಬುದರಲ್ಲೇ ಇದೆ.

ಹೀಗೆ ತಮ್ಮದೇ ವೇಷ, ತಮ್ಮದೇ ಮಾತು, ತಮ್ಮದೇ ಕೂಡುವ ಜಾಗ ಮಾಡಿಕೊಂಡು ದೊಡ್ಡ ಸಮಾಜದ ಪಕ್ಕದಲ್ಲಿ ಬದುಕುವ ಹರೆಯದವರ ಬಳಗವನ್ನು ಸಮಾಜಶಾಸ್ತ್ರ ಉಪಸಂಸ್ಕೃತಿ ಎನ್ನುತ್ತದೆ. ಇದರ ಅಧ್ಯಯನ ಗಟ್ಟಿಯಾದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ 1964ರಲ್ಲಿ ಶುರುವಾದ ಸಂಸ್ಕೃತಿ ಅಧ್ಯಯನ ಕೇಂದ್ರದಲ್ಲಿ. ಅದೇ ಪರಂಪರೆಯ ಡಿಕ್ ಹೆಬ್ಡಿಜ್ 1979ರಲ್ಲಿ ಬರೆದ ಪುಸ್ತಕ, ಪಂಕ್ ಎಂಬ ಬಳಗದ ಹುಡುಗರು ಅಂಗಿಗೆ ಚುಚ್ಚಿಕೊಳ್ಳುತ್ತಿದ್ದ ಸೇಫ್ಟಿ ಪಿನ್ನಿನಂಥ ಸಣ್ಣ ವಸ್ತುವನ್ನು ಒಂದು ಮಾತಿನಂತೆ ಓದಬಹುದು ಎಂದು ತೋರಿಸಿತು. ಈ ಒಂದು ತಿಳಿವಳಿಕೆಯಿಂದ ಕಲಾವಿದರಿಗೆ ದಾರಿ ತೆರೆಯಿತು. ಹುಡುಗರ ಮುಖವನ್ನು ಚಿತ್ರಿಸುವ ಬದಲು ಅವರ ಪಿನ್ನನ್ನು, ಬೂಟನ್ನು, ಬಾಚಣಿಗೆಯನ್ನು ಇಟ್ಟರೂ ಅವರ ಕತೆ ಹೊರಡುತ್ತದೆ.

ಅಂಚಿನವರನ್ನು ಕಲೆಯೊಳಗೆ ತರುವುದು ಹಳೆಯ ರೂಢಿಯೇ. ಬೇಲೂರಿನ ಗುಡಿಯ ಮದನಿಕೆಯರು ಒಟ್ಟು 42. ಅವರಲ್ಲಿ ಕನ್ನಡಿ ಹಿಡಿದವಳಿದ್ದಾಳೆ, ಗಿಣಿಯೊಡನೆ ಮಾತಾಡುವವಳಿದ್ದಾಳೆ, ಬಿಲ್ಲು ಹಿಡಿದು ಬೇಟೆಗೆ ನಿಂತವಳೂ ಇದ್ದಾಳೆ. ಬೇಟೆಗಾತಿಯ ಮೈಮೇಲೆ ಹಾರ, ತೋಳಬಂದಿ, ಕಾಲ್ಗಡಗಗಳು ಕನ್ನಡಿ ಹಿಡಿದವಳಿಗಿಂತ ಕಡಿಮೆಯೇನಿಲ್ಲ. ಕಾಡಿನ ಹೆಣ್ಣಿಗೆ ಅರಮನೆಯ ಒಡವೆ! ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ತಾವು ಕಡೆದ ವಿಗ್ರಹಗಳ ಅಡಿಯಲ್ಲಿ ತಮ್ಮ ಹೆಸರು, ಬಿರುದುಗಳನ್ನು ಕೊರೆದುಕೊಂಡರು. ಶಿಲ್ಪಿಗೆ ಹೆಸರು ದೊರೆತ ಅಪರೂಪದ ಕಾಲ ಅದು. ಆದರೆ ಬೇಟೆಗಾತಿ ತನ್ನನ್ನು ಹೇಗೆ ಕಡೆಯಬೇಕೆಂದು ಹೇಳುವ ಸ್ಥಿತಿಯಲ್ಲಿರಲಿಲ್ಲ. ಅಂಚಿನವರ ಕುರಿತ ಕಲೆಯ ಮುಖ್ಯ ತೊಡಕು ಇದೇ: ನೋಡುವ ಕಣ್ಣು ಯಾರದು, ವಸ್ತು ಯಾರದು, ಎಲ್ಲಿ ಇಡಬೇಕೆಂಬ ತೀರ್ಮಾನ ಯಾರದು. ಮುಂದೆ ಬರುವ ಕೃತಿಗಳನ್ನೆಲ್ಲ ಈ ಮೂರು ಪ್ರಶ್ನೆಗಳಿಂದಲೇ ಅಳೆಯಬಹುದು.

ಹೊರನಾಡಿನ ಒಂದು ಉದಾಹರಣೆ ಸಾಕು. ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ಹುಟ್ಟಿ, ಕೆಳವರ್ಗದ ಮನೆಯಲ್ಲಿ ಬೆಳೆದ ಮಾರ್ಕ್ ಲೆಕಿ 1999ರಲ್ಲಿ ಸುಮಾರು 15 ನಿಮಿಷದ ಒಂದು ವಿಡಿಯೋ ಕೃತಿ ಮಾಡಿದ. ಇಪ್ಪತ್ತು ವರ್ಷಗಳ ಕಾಲ ಬ್ರಿಟನ್ನಿನ ಹುಡುಗ ಹುಡುಗಿಯರು ರಾತ್ರಿಯಿಡೀ ಕುಣಿದ ಕ್ಲಬ್ಬುಗಳ ಹಳೆಯ ತುಣುಕುಗಳನ್ನು ಹುಡುಕಿ ತಂದು ಜೋಡಿಸಿದ್ದು ಅದು. ಕ್ಯಾಮೆರಾ ಅವನದಲ್ಲ, ಕುಣಿತ ಮಾತ್ರ ಅವನೂ ಕುಣಿದದ್ದು. 2019ರಲ್ಲಿ ಲಂಡನ್ನಿನ ಟೇಟ್ ಬ್ರಿಟನ್ ಗ್ಯಾಲರಿಯೊಳಗೆ ಅವನು ತಾನು ಬೆಳೆದ ಸೀಮೆಯ ಹೆದ್ದಾರಿ ಸೇತುವೆಯನ್ನು ನಿಜದ ಅಳತೆಯಲ್ಲೇ ಕಟ್ಟಿಸಿದ. ಬಾಲ್ಯದಲ್ಲಿ ಅವನು ಆಡಿ ಕಾಲ ಕಳೆದ ಜಾಗ ಅದು. ಲಂಡನ್ನಿನ ಸಭ್ಯರು ಆ ಸೇತುವೆಯಡಿಯಲ್ಲಿ ನಿಂತು ಕೃತಿ ನೋಡಬೇಕಾಯಿತು.

ಕರ್ನಾಟಕದಲ್ಲಿ ಈ ಕಲೆಯ ದೊಡ್ಡ ಹೆಸರು ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜುಗಳಲ್ಲಿ ಕಲಿತವರು. ಚಿತ್ರಗಾರ್ತಿಯಾಗಿ ಆರಂಭಿಸಿದ ಅವರು 1990ರ ದಶಕದಲ್ಲಿ ಬಣ್ಣವನ್ನು ಬಿಟ್ಟು ಸಗಣಿ, ದಾರ, ಸೂಜಿ, ಕುಂಕುಮಗಳಿಗೆ ತಿರುಗಿದರು. ಅವರ 2006ರ ‘ಡಾರ್ಕ್‌ರೂಮ್’ ಎಂಬ ಕೃತಿ ಡಾಂಬರು ಡ್ರಮ್ಮುಗಳಿಂದ ಆದದ್ದು. ರಸ್ತೆ ಕೆಲಸಕ್ಕೆ ಊರೂರು ಅಲೆಯುವ ಕೂಲಿಯವರು ಖಾಲಿ ಡ್ರಮ್ಮನ್ನು ಸೀಳಿ, ಬಡಿದು ಚಪ್ಪಟೆ ಮಾಡಿ, ಆ ತಗಡಿನಿಂದ ರಸ್ತೆ ಬದಿಯಲ್ಲಿ ಗೂಡು ಕಟ್ಟಿಕೊಳ್ಳುವುದನ್ನು ಬೆಂಗಳೂರಿನ ರಸ್ತೆಗಳಲ್ಲಿ ಯಾರು ಬೇಕಾದರೂ ಕಾಣಬಹುದಿತ್ತು. ಶೀಲಾ ಗೌಡ ಇಡೀ ಡ್ರಮ್ಮುಗಳನ್ನು ಒಂದರ ಮೇಲೊಂದು ಪೇರಿಸಿ ಕಂಬ ಮಾಡಿದರು, ಬಡಿದ ತಗಡಿನಿಂದ ಗೋಡೆ, ಸೂರು ಮಾಡಿದರು. ಹೊರಗಿನಿಂದ ನೋಡಿದರೆ ಸಣ್ಣದೊಂದು ಕೋಟೆ, ಕಂಬಗಳ ಠೀವಿಯೂ ಉಂಟು. ಒಳಗೆ ಹೋಗಬೇಕೆಂದರೆ ಮೈ ಬಗ್ಗಿಸಲೇಬೇಕು. ಬಗ್ಗಿ ಒಳಸೇರಿ ತಲೆಯೆತ್ತಿದರೆ ತಗಡಿನ ಸೂರಿನಲ್ಲಿ ನೂರಾರು ಸಣ್ಣ ತೂತು, ತೂತಿನಲ್ಲಿ ಬೆಳಕು: ನೆತ್ತಿಯ ಮೇಲೆ ನಕ್ಷತ್ರ. ಕೂಲಿಯವರ ಮುಖ ಅಲ್ಲಿ ಎಲ್ಲಿಯೂ ಇಲ್ಲ. ಆದರೆ ದಿನವೂ ಬಗ್ಗಿ ಮನೆ ಸೇರುವವರ ಬೆನ್ನಿನ ನೋವು ನೋಡಲು ಬಂದವರ ಬೆನ್ನಿಗೆ ಒಂದು ಗಳಿಗೆ ಬರುತ್ತದೆ.

ಅವರದೇ ಇನ್ನೊಂದು ಕೃತಿ ‘ಬಿಹೋಲ್ಡ್’ 2009ರ ವೆನಿಸ್ ಬಿಯೆನಾಲೆ ಕಲಾಪ್ರದರ್ಶನದಲ್ಲಿ ಇತ್ತು, ಈಗ ಟೇಟ್ ಸಂಗ್ರಹದಲ್ಲಿದೆ. ಕಾರಿನ ಸುಮಾರು 20 ಬಂಪರುಗಳು, ಅವನ್ನು ಎತ್ತಿ ಹಿಡಿದಂತೆ ಕಾಣುವ 4,000 ಮೀಟರಿನಷ್ಟು ಕೂದಲ ಹಗ್ಗ. ಹೊಸ ಗಾಡಿಗೆ ದೃಷ್ಟಿ ತಾಗದಿರಲೆಂದು ಬಂಪರಿಗೆ ಕರಿಯ ಕೂದಲ ಹಗ್ಗ ಸುತ್ತುವ ಪದ್ಧತಿ ಕನ್ನಡಿಗರಿಗೆ ಗೊತ್ತು. ಮುಡಿ ಕೊಟ್ಟ ಅದೆಷ್ಟೋ ಅನಾಮಿಕರ ತಲೆಗೂದಲು ಅಲ್ಲಿ ಕಬ್ಬಿಣಕ್ಕಿಂತ ಬಲಶಾಲಿ. ಕೂದಲಿನ ಮಾತು ಮುಂದೆ ಮತ್ತೆ ಬರಲಿದೆ.

ಡಾಂಬರು ಡ್ರಮ್ಮಿನ ಕೃತಿಯಲ್ಲಿ ವಸ್ತು ಕೂಲಿಯವರದು, ತೀರ್ಮಾನ ಕಲಾವಿದೆಯದು. ಇದರಿಂದ ಒಂದು ಹೆಜ್ಜೆ ಆಚೆ ಹೋದದ್ದು ಬೆಂಗಳೂರಿನ ಬ್ಲಾಂಕ್ ನಾಯ್ಸ್ ಬಳಗ. ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿನಿಯಾಗಿದ್ದ ಜಸ್ಮೀನ್ ಪಥೇಜಾ 2003ರಲ್ಲಿ ಇದನ್ನು ಶುರುಮಾಡಿದರು. ಬೀದಿಯಲ್ಲಿ ಕಿರುಕುಳಕ್ಕೆ ಒಳಗಾದಾಗ ತೊಟ್ಟಿದ್ದ ಬಟ್ಟೆಯನ್ನು ಹೆಣ್ಣುಮಕ್ಕಳೇ ತಂದುಕೊಡುತ್ತಾರೆ. ಅವನ್ನು ಸಾಲಾಗಿ ತೂಗುಹಾಕಲಾಗುತ್ತದೆ. ಹತ್ತು ಸಾವಿರ ಉಡುಪುಗಳನ್ನು ಒಟ್ಟುಗೂಡಿಸುವ ಗುರಿ ಆ ಬಳಗದ್ದು. ಶಾಲೆಯ ಸಮವಸ್ತ್ರ, ಸಲ್ವಾರ್, ಸೀರೆ ಪಕ್ಕಪಕ್ಕ ತೂಗುವುದನ್ನು ಕಂಡ ಮೇಲೆ ಬಟ್ಟೆಯೇ ಕಾರಣ ಎಂಬ ಹಳೆಯ ಸಬೂಬು ಬಾಯಲ್ಲೇ ಉಳಿಯುತ್ತದೆ.

ತೀರ್ಮಾನವನ್ನೂ ಅಂಚಿನವರ ಕೈಗೇ ಕೊಟ್ಟ ಪ್ರಯತ್ನಗಳಲ್ಲಿ ಹೆಚ್ಚು ಹೆಸರಾದದ್ದು ಅರವಾಣಿ ಆರ್ಟ್ ಪ್ರಾಜೆಕ್ಟ್. ಪೂರ್ಣಿಮಾ ಸುಕುಮಾರ್ 2016ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಈ ತಂಡದಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರೂ ಇತರ ಮಹಿಳೆಯರೂ ಒಟ್ಟಿಗೆ ಕುಂಚ ಹಿಡಿಯುತ್ತಾರೆ. ಹೆಸರು ಬಂದದ್ದು ತಮಿಳುನಾಡಿನ ಕೂವಾಗಂನಲ್ಲಿ ಪೂಜೆಗೊಳ್ಳುವ, ಅರ್ಜುನನ ಮಗನಾದ ಅರವಾನನಿಂದ.

ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರ ಹಿನ್ನೆಲೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಗಂಡಾಗಿ ಹುಟ್ಟಿ ಹೆಣ್ಣೆಂದು ತಮ್ಮನ್ನು ಕಂಡುಕೊಂಡ ಮಕ್ಕಳಲ್ಲಿ ಬಹಳ ಮಂದಿ ಹರೆಯಕ್ಕೆ ಕಾಲಿಡುವ ಹೊತ್ತಿಗೆ ಮನೆ ಬಿಡುತ್ತಾರೆ, ಇಲ್ಲವೇ ಮನೆಯವರು ಬಿಡಿಸುತ್ತಾರೆ. ಬೆಂಗಳೂರಿನಲ್ಲಿ ಅವರಿಗೆ ಆಸರೆಯಾದ ಹಳೆಯ ಜಾಗ ಹಮಾಮ್. ಒಲೆ ಉರಿಸಿ ಸ್ನಾನಕ್ಕೆ ಬಿಸಿನೀರು ಕೊಡುವ ಮನೆ. ಅಲ್ಲಿ ಗುರು ಇರುತ್ತಾಳೆ, ಹೊಸಬಳು ಚೇಲಾ ಆಗುತ್ತಾಳೆ, ಗುರುವಿನ ಗುರು ನಾನಿ. ಹೊರಗಿನವರಿಗೆ ತಿಳಿಯದ ಮಾತಿದೆ. ಅಂಗೈ ಅಗಲಿಸಿ ಹೊಡೆಯುವ ಚಪ್ಪಾಳೆಯಿದೆ. ಅದೊಂದೇ ಸದ್ದಿನಲ್ಲಿ ಕರೆಯೂ ಬೈಗುಳವೂ ಎಚ್ಚರಿಕೆಯೂ ಅಡಗಿರುತ್ತವೆ. ಉತ್ತರ ಕರ್ನಾಟಕದಲ್ಲಿ ಎಲ್ಲಮ್ಮನ ಹೆಸರಿನ ಜೋಗಪ್ಪ, ಜೋಗತಿಯರ ದಾರಿ ಬೇರೆ. ಅಲ್ಲಿ ತಲೆಯ ಮೇಲೆ ಕೊಡವಿದೆ, ಕೈಯಲ್ಲಿ ಚೌಡಿಕೆಯಿದೆ, ಊರಿನ ಅರೆಮನಸ್ಸಿನ ಗೌರವವೂ ಇದೆ. ಆ ದಾರಿಯಿಂದ ಬಂದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು.

ಕಾನೂನು ಈ ಜನರ ಜೊತೆ ಎರಡೂ ರೀತಿಯಲ್ಲಿ ನಡೆದುಕೊಂಡಿದೆ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿದ 36-ಎ ಕಲಮು ಇವರ ಹೆಸರು ವಿಳಾಸಗಳ ಪಟ್ಟಿ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ವಿರೋಧ ಬಂದು, ಪ್ರಕರಣ ಹೈಕೋರ್ಟಿಗೆ ಹೋಗಿ, ಮುಂದೆ ಅದರ ಮಾತುಗಳು ಬದಲಾದವು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ತಮ್ಮ ಲಿಂಗ ಗುರುತನ್ನು ತಾವೇ ಹೇಳಿಕೊಳ್ಳುವ ಇವರ ಹಕ್ಕನ್ನು ಎತ್ತಿಹಿಡಿಯಿತು. 2021ರಲ್ಲಿ ಸರ್ಕಾರಿ ನೌಕರಿಗಳಲ್ಲಿ ಶೇ. 1ರಷ್ಟು ಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕ.

ಅರವಾಣಿ ತಂಡದ ಕೆಲಸ ನಡೆಯುವುದು ಬಯಲಿನಲ್ಲಿ. ಗೋಡೆಯ ಮುಂದೆ ಅಟ್ಟಣಿಗೆ ಏಳುತ್ತದೆ. ಏನು ಬರೆಯಬೇಕೆಂದು ಮೊದಲು ಕೂತು ಮಾತಾಡಿಕೊಳ್ಳುತ್ತಾರೆ. ಆಮೇಲೆ ದೊಡ್ಡ ದೊಡ್ಡ ಮುಖಗಳು, ಮುಡಿದ ಹೂವು, ಎಲೆ, ಬಳ್ಳಿ, ಕಣ್ಣು ಕುಕ್ಕುವ ಗುಲಾಬಿ, ಹಳದಿ, ನೀಲಿ. ಸಿಗ್ನಲ್ಲಿನಲ್ಲಿ ಕೈಚಾಚಿದಾಗ ಗಾಜು ಏರಿಸುವ ಜನ, ಅದೇ ವ್ಯಕ್ತಿ ಅಟ್ಟಣಿಗೆ ಮೇಲೆ ಕುಂಚ ಹಿಡಿದು ನಿಂತಾಗ ಇಳಿದು ಬಂದು ಏನು ಬರೆಯುತ್ತಿದ್ದೀರಿ ಎಂದು ಕೇಳುತ್ತಾರೆ. ಬೆಂಗಳೂರಿನ ಒಂದು ಗೋಡೆಯ ಮೇಲೆ ಅವರು ಬರೆದ ಮಾತು ಎರಡೇ ಪದ: ನಾವು ಇದ್ದೀವಿ. ಗೋಡೆಚಿತ್ರವನ್ನು ಪ್ರತಿಷ್ಠಾಪನೆ ಎನ್ನಬಹುದೇ ಎಂಬ ತಕರಾರು ತೆಗೆಯುವವರಿದ್ದಾರೆ. ಆದರೆ ಇಲ್ಲಿ ಕೃತಿಯಾಗುವುದು ಬಣ್ಣ ಒಂದೇ ಅಲ್ಲ. ಅಟ್ಟಣಿಗೆ ಇದ್ದಷ್ಟು ದಿನ ಆ ಬೀದಿಯಲ್ಲಿ ಅವರು ನಿಂತದ್ದೂ ಕೃತಿಯೇ. 2024ರಲ್ಲಿ ನಡೆದ 60ನೆಯ ವೆನಿಸ್ ಬಿಯೆನಾಲೆಯ ವಿಷಯ ‘ಎಲ್ಲೆಲ್ಲೂ ಪರಕೀಯರು’. ಅದರ ಆರ್ಸೆನಾಲೆ ಭಾಗದಲ್ಲಿ, ಹಿಂದೆ ಹಡಗು ಕಟ್ಟುತ್ತಿದ್ದ ಹಳೆಯ ಆವರಣದಲ್ಲಿ, ಈ ತಂಡ ‘ಡಯಾಸ್ಪೋರ್’ ಎಂಬ ದೊಡ್ಡ ಭಿತ್ತಿಚಿತ್ರ ಬರೆಯಿತು.

ಬೇಲೂರು ತಾಲ್ಲೂಕಿನ ಅರೇಹಳ್ಳಿಯ ಕಡೆಯವರಿಗೆ ವೆನಿಸ್ ದೂರ, ಅಂಗಡಿಹಳ್ಳಿ ಹತ್ತಿರ. ಅದೇ ತಾಲ್ಲೂಕಿನ ಆ ಊರಿನಲ್ಲಿ ಹಕ್ಕಿಪಿಕ್ಕಿ ಜನರ ಕಾಲೊನಿಯಿದೆ. ಮನೆಮಾತು ವಾಗ್ರಿ, ಗುಜರಾತಿಯ ಬಳಗಕ್ಕೆ ಹತ್ತಿರದ್ದು. ಕನ್ನಡದ ಜೊತೆ ನೆರೆಯ ಭಾಷೆಗಳೂ ಇವರ ನಾಲಗೆಯ ಮೇಲೆ ಸಲೀಸು. ಹಕ್ಕಿ ಹಿಡಿಯುವುದು, ಸಣ್ಣ ಬೇಟೆ ಇವರ ಹಿರಿಯರ ಕಸುಬು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಕಸುಬನ್ನು ಅಪರಾಧ ಮಾಡಿತು. ಆಮೇಲೆ ಜಾತ್ರೆಯಲ್ಲಿ ಮಣಿಸರ, ಪೇಟೆಯಲ್ಲಿ ಪ್ಲಾಸ್ಟಿಕ್ ಹೂವು, ಬೇರು ನಾರು, ಗಿಡಮೂಲಿಕೆಯ ಎಣ್ಣೆ. ಎಣ್ಣೆಯ ಬಾಟಲಿ ಹಿಡಿದು ಇವರು ಆಫ್ರಿಕಾ ಖಂಡದವರೆಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಶುರುವಾದಾಗ ಕರ್ನಾಟಕದ ನೂರಕ್ಕೂ ಹೆಚ್ಚು ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದ ಸುದ್ದಿ ಬಂತು. ಹಕ್ಕಿಪಿಕ್ಕಿಗಳ ಹೆಸರನ್ನೇ ಕೇಳಿರದ ಅನೇಕರು ಅಂದು ಮೊದಲ ಸಲ ಕೇಳಿದರು. ಭಾರತ ಸರ್ಕಾರ ತನ್ನವರನ್ನು ಕರೆತರಲು ನಡೆಸಿದ ಕಾರ್ಯಾಚರಣೆಗೆ ಇಟ್ಟ ಹೆಸರು, ಕಾಕತಾಳೀಯವಾಗಿ, ಕಾವೇರಿ.

ಈಗಿನ ಹರೆಯದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಂಥ ಕಾಲೊನಿಗಳ ಹುಡುಗ ಹುಡುಗಿಯರು ಸೊಂಟ ಮೀರಿದ ಕೂದಲು ಬಿಚ್ಚಿ, ಮೊಬೈಲಿನ ಮುಂದೆ ನಿಂತು, ಆದಿವಾಸಿ ಹೇರ್ ಆಯಿಲ್ ಎಂದು ರೀಲ್ಸ್ ಮಾಡುತ್ತಾರೆ. ಕುಟುಂಬದ ಹಿರಿಯ ಮಗ ಕೂದಲು ಕತ್ತರಿಸಬಾರದೆಂಬ ರೂಢಿ ಈ ಜನರಲ್ಲಿ ಇತ್ತೆಂದು ಇವರ ಬಗ್ಗೆ ಬರೆದವರು ದಾಖಲಿಸಿದ್ದಾರೆ. ಹಿಂದೆ ಗುರುತಾಗಿದ್ದ ಕೂದಲು ಇಂದು ಜಾಹೀರಾತು. ಎಣ್ಣೆಯ ಗುಣಕ್ಕೆ ಇಲ್ಲಿ ಯಾರೂ ಸಾಕ್ಷಿ ಹೇಳಬೇಕಾಗಿಲ್ಲ. ಆದರೆ ತಮ್ಮನ್ನು ಕಾಡಿನವರು ಎಂದು ದೂರವಿಟ್ಟ ಪೇಟೆಗೆ ಆ ಕಾಡನ್ನೇ ಬಾಟಲಿಯಲ್ಲಿ ತುಂಬಿ ಮಾರುವ ಈ ಜಾಣತನ, ವೇಷ, ಮಾತಿನ ವರಸೆ, ಎಲ್ಲವೂ ಒಂದು ಯುವ ಉಪಸಂಸ್ಕೃತಿಯ ಲಕ್ಷಣವೇ ಸರಿ.

ಇವರನ್ನು ಪ್ರತಿಷ್ಠಾಪನೆಯಲ್ಲಿ ತೋರಿಸಬೇಕೆಂದರೆ ಮೊದಲು ಬರುವ ಆಸೆ ಬಲೆ ನೇತುಹಾಕುವುದು. ಕತ್ತಲ ಕೋಣೆ, ಮೇಲೆ ಬಲೆ, ಎಲ್ಲಿಂದಲೋ ಹಕ್ಕಿಯ ಕೂಗು. ನೋಡಲು ಚೆಂದ, ಆದರೆ ಅದು ತಾತನ ಕತೆ, ವಸ್ತುಸಂಗ್ರಹಾಲಯದ ಕೆಲಸ. ಇಪ್ಪತ್ತರ ಹುಡುಗ ಬಲೆ ಹಿಡಿದವನಲ್ಲ. ಅವನ ಕೈಯಲ್ಲಿರುವುದು ಮೊಬೈಲು, ಅದರ ಹಿಂದೆ ಉಂಗುರದಾಕಾರದ ದೀಪ. ಬೇಲೂರಿನ ಬೇಟೆಗಾತಿಗೆ ಅರಮನೆಯ ಒಡವೆ ತೊಡಿಸಿದಂತೆ ಇವನಿಗೆ ಕಾಡಿನ ಸೊಪ್ಪು ತೊಡಿಸುವುದೂ ತಪ್ಪೇ. ಅವನ ಬಳಗದ ವಸ್ತುಗಳೆಂದರೆ ಸಾಲು ಸಾಲು ಬಾಟಲಿ, ತಲೆಕೂದಲಿನ ಚಿತ್ರವಿರುವ ಲೇಬಲ್ಲು, ಹೊರದೇಶದ ಮುದ್ರೆ ಬಿದ್ದ ಪಾಸ್‌ಪೋರ್ಟು, ಕೊರಿಯರ್ ಚೀಟಿ. ಹಸಿರು, ಕಂದು ಎಣ್ಣೆಯ ಬಾಟಲಿಗಳನ್ನು ಕಿಟಕಿಯ ಬೆಳಕಿಗೆ ಗೋಡೆಯಷ್ಟು ಎತ್ತರ ಜೋಡಿಸಿದರೆ ಕೋಣೆಯೊಳಗೆ ಕಾಡಿನ ಬೆಳಕೇ ಬೀಳುತ್ತದೆ. ಬೇರೆ ಕಾಡು ಬೇಕಿಲ್ಲ. ಪಕ್ಕದಲ್ಲಿ ವಾಗ್ರಿಯ ಮಾತು, ಮನೆಯೊಳಗಿನ ಸಾಮಾನ್ಯ ಮಾತು, ತರ್ಜುಮೆಯಿಲ್ಲದೆ. ರೀಲ್ಸಿನಲ್ಲಿ ಗಿರಾಕಿಗೆ ಹೇಳುವ ಮಾತಿಗೂ ಒಲೆಯ ಬಳಿ ಅಮ್ಮನಿಗೆ ಹೇಳುವ ಮಾತಿಗೂ ಇರುವ ದೂರ ಹೊರಗಿನವರ ಕಿವಿಗೆ ಹಾಗೆಯೇ ಬೀಳಬೇಕು.

ಯಾವ ರೀಲು ಇರಲಿ, ಯಾವುದು ಬೇಡ, ಯಾರ ಮುಖ ಕಾಣಲಿ ಎಂಬುದು ಅವರದೇ ತೀರ್ಮಾನವಾಗಬೇಕು. ಕೆಲಸಕ್ಕೆ ದಿನಗೂಲಿ ಲೆಕ್ಕದಲ್ಲಾದರೂ ಹಣ ಸಲ್ಲಬೇಕು; ವ್ಯಾಪಾರ ಬಿಟ್ಟು ಬಂದು ಕೂತವರಿಗೆ ಚಪ್ಪಾಳೆಯಿಂದ ಹೊಟ್ಟೆ ತುಂಬದು. ಕೃತಿಯ ಪಕ್ಕದ ಫಲಕದಲ್ಲಿ, ದಾಸೋಜನ ಹೆಸರಿನಂತೆ, ಅವರ ಹೆಸರು ಇರಬೇಕು. ಹೆಸರು ಬೇಡವೆಂದವರಿಗೆ ಬೇಡ.

ಜಾಗದ ಪ್ರಶ್ನೆಯೂ ಸಣ್ಣದಲ್ಲ. ಅರೇಹಳ್ಳಿ ಹೋಬಳಿಯಂಥ ಕಾಫಿ ಸೀಮೆಯಲ್ಲಿ ಗ್ಯಾಲರಿ ಹುಡುಕುವ ಬದಲು ಕಾಫಿ ಕಣವನ್ನು ನೋಡುವುದು ಲೇಸು. ಸಮತಟ್ಟಾದ ನೆಲ, ಸುತ್ತ ಕಟ್ಟೆ, ಪಕ್ಕದಲ್ಲಿ ಗೋದಾಮು, ಲಾರಿ ಬರುವ ದಾರಿ. ಡಿಸೆಂಬರಿನಿಂದ ಮಾರ್ಚಿನವರೆಗೆ ಕಣದ ತುಂಬ ಹಣ್ಣು ಹರಡಿರುತ್ತದೆ; ಆಗ ಕೇಳಿದರೆ ಎಸ್ಟೇಟಿನ ಲೆಕ್ಕ ನೋಡುವ ರೈಟರು ನಗುತ್ತಾರೆ. ಜೂನಿನಿಂದ ಮಳೆ ಹಿಡಿದರೆ ಬಯಲಿನಲ್ಲಿ ಯಾವುದೂ ನಿಲ್ಲದು, ಲೇಬಲ್ಲಿನ ಅಂಟು ಸಹ ಬಿಡುತ್ತದೆ. ಉಳಿಯುವುದು ಏಪ್ರಿಲ್, ಮೇ. ಆ ಹೊತ್ತಿಗೆ ಶಾಲೆಗಳಿಗೆ ರಜೆ, ತೋಟದ ಕೂಲಿಯವರ ಲೈನ್ ಮನೆಗಳ ಮಕ್ಕಳು ಬಿಡುವಾಗಿರುತ್ತಾರೆ, ಜಾತ್ರೆಗಳೂ ಅದೇ ಕಾಲಕ್ಕೆ. ಮಧ್ಯಾಹ್ನದ ಬಿಸಿಲಿಗೆ ಕಣದ ಸಿಮೆಂಟು ಕಾದು ಕಾಲಿಡಲಾಗದು, ಆದ್ದರಿಂದ ಬೆಳಗ್ಗೆ ಹತ್ತರೊಳಗೆ, ಸಂಜೆ ನಾಲ್ಕರ ಮೇಲೆ. ರಾತ್ರಿಯಾದರೆ ಬಾಟಲಿಗಳ ಹಿಂದೆ ಬಲ್ಬು, ಕರೆಂಟು ಹೋದರೆ ಜನರೇಟರು.

ಬಿಚ್ಚುವ ದಿನದ ಲೆಕ್ಕವನ್ನು ಕಟ್ಟುವ ದಿನವೇ ಬರೆದಿಡುವುದು ಈ ಕಲೆಯ ಶಿಸ್ತು. ಯಾವ ವಸ್ತು ಯಾರದೆಂಬ ಪಟ್ಟಿ ಇರುತ್ತದೆ. ಅದರ ಪ್ರಕಾರ ಪಾಸ್‌ಪೋರ್ಟುಗಳು ಮೊದಲು ಹಿಂದಿರುಗುತ್ತವೆ, ಮುಂದಿನ ಪಯಣಕ್ಕೆ ಅವು ಬೇಕು. ದೀಪ, ಮೊಬೈಲು ಅದೇ ಸಂಜೆ. ಒಡೆದ ಬಾಟಲಿಗೆ ದುಡ್ಡು. ಒಡೆಯದವು ಪೆಟ್ಟಿಗೆಗೆ ತುಂಬಿ, ಎಣಿಸಿ, ಅಂಗಡಿಹಳ್ಳಿಯ ಗಾಡಿ ಹತ್ತುತ್ತವೆ; ಎಣ್ಣೆ ಹೇಗೂ ಹಾಗೆಯೇ ಇದೆ, ವಾರದೊಳಗೆ ಮಾರಾಟವಾಗುತ್ತದೆ. ಕಣವನ್ನು ಗುಡಿಸಿ ಎಸ್ಟೇಟಿಗೆ ಒಪ್ಪಿಸಲಾಗುತ್ತದೆ.